ನಾಲ್ಕು ವರ್ಷ ಸೊಂಟದಲ್ಲಿದ್ದ ಪಿಸ್ತೂಲು: ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬಳ ಅನುಭವ

ಈ ಪಿಸ್ತೂಲು ತಗೊಂಡದ್ದು 2021ರ ಅಕ್ಟೋಬರಿನಲ್ಲಿ. 2025ಕ್ಕೆ ನಾಲ್ಕು ವರ್ಷ ತುಂಬಿತು. ನಮ್ಮ ದೇಶದಲ್ಲೇ ತಯಾರಾದದ್ದು, ಪಾಯಿಂಟ್ 32 ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ), ಗುಂಡು ತುಂಬುವ ಡಬ್ಬಿಯಾದ ಮ್ಯಾಗಜಿನ್‌ನಲ್ಲಿ ಎಂಟು ಗುಂಡು. ಉದ್ದ ಒಂದು ಗೇಣಿಗಿಂತ ಕಮ್ಮಿ. ಕೆಲವು ದೂರುಗಳಿವೆ, ಹಾಗಾಗಿ ಕಂಪನಿಯ ಹೆಸರು ಹಾಕುವುದಿಲ್ಲ. ನಾನು ಬರೆಯುವ ಹೆಚ್ಚಿನ ಸಂಗತಿ ಈ ಬೋರಿನ ಯಾವ ಸಣ್ಣ ಪಿಸ್ತೂಲಿಗೂ ಹೊಂದುತ್ತದೆ.

ಬದಿಯಡ್ಕ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕರ್ನಾಟಕದ ಗಡಿಯ ಹತ್ತಿರ. ನಮ್ಮದು ಅಪ್ಪನ ಕಾಲದ ವ್ಯಾಪಾರ. ಅಡಿಕೆ, ಒಳ್ಳೆಮೆಣಸು (ಕಾಳುಮೆಣಸು), ಸೀಸನ್ನಿನಲ್ಲಿ ಗೇರುಬೀಜ. ಅಪ್ಪ ಹೋದ ಮೇಲೆ ನಾನೇ ನೋಡಿಕೊಳ್ಳುತ್ತೇನೆ. ಪಿಕಪ್ ತಗೊಂಡು ತೋಟದ ಮನೆಗಳಿಗೆ ಹೋಗಬೇಕು. ಅಡಿಕೆಯ ದರ್ಜೆ ನೋಡಿ, ಚೋಲ್ ಬೇರೆ, ಪಟೋರ ಬೇರೆ, ಕರಿಗೋಟು ಬೇರೆ ಎಂದು ತೂಗಬೇಕು. ಹಣ ಅಲ್ಲೇ ಕೈಗೆ ಕೊಡಬೇಕು. ಎಷ್ಟೋ ಮನೆಗೆ ಅರ್ಧ ಮೈಲು ಮಣ್ಣಿನ ದಾರಿ, ಎರಡೂ ಕಡೆ ರಬ್ಬರ್, ಮೊಬೈಲಿಗೆ ರೇಂಜ್ ಇಲ್ಲ. ಅಪ್ಪನ ಹತ್ತಿರ ಜೋಡು ನಳಿಗೆಯ ತೋಟೆ ಕೋವಿ ಇತ್ತು. ಅದು ತೋಟಕ್ಕೆ ಸರಿ. ವ್ಯಾಪಾರಕ್ಕೆ ಹೊರಡುವಾಗ ಹೆಗಲಿಗೆ ಹಾಕಿಕೊಂಡು ಹೋಗುವ ವಸ್ತು ಅಲ್ಲ ಅದು.

ಲೈಸನ್ಸ್ ಕತೆ ಚುಟುಕಾಗಿ ಹೇಳುತ್ತೇನೆ. ವಿದ್ಯಾನಗರದ ಕಲೆಕ್ಟರೇಟಿಗೆ ಅರ್ಜಿ, ಪೊಲೀಸ್ ವಿಚಾರಣೆ, ಡಾಕ್ಟರ ಸರ್ಟಿಫಿಕೇಟ್. 2016ರ ಆಯುಧ ನಿಯಮದ ಪ್ರಕಾರ ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯೂ ಆಗಬೇಕು. ನನಗೆ ಒಂದು ವರ್ಷ ದಾಟಿತು. 2019ರ ಆಯುಧ ಕಾಯ್ದೆ ತಿದ್ದುಪಡಿಯ ನಂತರ ಲೈಸನ್ಸಿನ ಅವಧಿ ಮೂರು ವರ್ಷದ ಬದಲು ಐದು ವರ್ಷ, ಒಬ್ಬರಿಗೆ ಎರಡೇ ಆಯುಧ. ಪಿಸ್ತೂಲಿನ ಮೇಲೆ ಆಗ ಜಿಎಸ್‌ಟಿ ಶೇ. 28. ಎಲ್ಲ ಸೇರಿ ಲಕ್ಷ ದಾಟಿತು.

ಪಾಯಿಂಟ್ 32 ಯಾಕೆ ಎಂದು ತುಂಬ ಜನ ಕೇಳುತ್ತಾರೆ. ನಮಗೆ ಆಯ್ಕೆ ಕಮ್ಮಿ. ಸೇನೆ, ಪೊಲೀಸರು ಬಳಸುವ 9 ಎಂ.ಎಂ. ನಿಷೇಧಿತ ಬೋರ್, ಸಾಮಾನ್ಯ ಲೈಸನ್ಸಿಗೆ ಸಿಗುವುದಿಲ್ಲ. ವಿದೇಶಿ ಪಿಸ್ತೂಲಿನ ಆಮದು ಜನಸಾಮಾನ್ಯರಿಗೆ 1980ರ ದಶಕದಿಂದ ಬಂದ್. ಹಳೆ ವಿದೇಶಿ ಮಾಲು ಕೈಯಿಂದ ಕೈಗೆ ಹೋಗುವಾಗ ಬೆಲೆ ಹಲವು ಲಕ್ಷ. ಹಾಗಾಗಿ ಉಳಿಯುವುದು ಇದು. ಗುಂಡಿನ ವಿನ್ಯಾಸ ಜಾನ್ ಬ್ರೌನಿಂಗ್ ಅವರದು, 1899ರದ್ದು. ಅದರಲ್ಲಿ ಹಾರಿಹೋಗುವ ತುದಿಯ ತೂಕ ಐದು ಗ್ರಾಂ ಕೂಡ ಇಲ್ಲ. ಅಬ್ಬರವೂ ಕಮ್ಮಿ, ಕೈಗೆ ಹೊಡೆತವೂ ಕಮ್ಮಿ. ಒಂದು ದಿನದಲ್ಲಿ ಇಪ್ಪತ್ತೈದು ಗುಂಡು ಹಾರಿಸಿದರೂ ನನ್ನ ಮಣಿಗಂಟು ನೋಯಲಿಲ್ಲ.

ನೋವು ಬೇರೆ ಕಡೆ ಇದೆ, ಸ್ಲೈಡ್ ಎಳೆಯುವುದರಲ್ಲಿ. ಸ್ಲೈಡ್ ಅಂದರೆ ನಳಿಗೆಯ ಮೇಲೆ ಹಿಂದೆ ಮುಂದೆ ಜಾರುವ ಲೋಹದ ಭಾಗ. ಈ ನಮೂನೆಯ ಪಿಸ್ತೂಲಿನಲ್ಲಿ ನಳಿಗೆ ಅಲುಗುವುದಿಲ್ಲ. ಗುಂಡು ಹಾರಿದಾಗ ಹಿಂದೆ ನುಗ್ಗುವ ಸ್ಲೈಡನ್ನು ಅದರ ತೂಕ ಮತ್ತು ಒಂದು ಸ್ಪ್ರಿಂಗ್, ಇವೆರಡೇ ತಡೆಯಬೇಕು. ಅದಕ್ಕೇ ಸ್ಪ್ರಿಂಗ್ ಅಷ್ಟು ಬಿಗಿ. ಮೊದಲ ತಿಂಗಳು ನನ್ನ ಹೆಬ್ಬೆರಳಿನ ಚರ್ಮ ಸುಲಿಯಿತು. ಶೂಟಿಂಗ್ ಕ್ಲಬ್ಬಿನಲ್ಲಿ ಕಲಿಸುವವರು ಸೇನೆಯಿಂದ ನಿವೃತ್ತರಾದವರು. ಅವರು ನೋಡಿ, "ಅಕ್ಕಾ, ಎಳೆಯಬೇಡಿ. ಎಡಗೈಯಲ್ಲಿ ಸ್ಲೈಡನ್ನು ಮೇಲಿನಿಂದ ಗಟ್ಟಿ ಹಿಡಿಯಿರಿ, ಬಲಗೈಯಿಂದ ಹಿಡಿಯನ್ನು ಮುಂದಕ್ಕೆ ದೂಡಿ" ಎಂದರು. ಅಷ್ಟೇ. ಆಮೇಲೆ ಸುಲಭವಾಯಿತು. ಮಳೆಗಾಲದಲ್ಲಿ ಕೈ ಒದ್ದೆ ಇದ್ದರೆ ಮಾತ್ರ ಈಗಲೂ ಜಾರುತ್ತದೆ. ಸ್ಲೈಡಿನ ಮೇಲಿನ ಗೀರುಗಳು ಇನ್ನಷ್ಟು ಆಳ ಇರಬೇಕಿತ್ತು.

ಟ್ರಿಗರ್ ಮೊದಲ ಗುಂಡಿಗೆ ತುಂಬ ಭಾರ, ಉದ್ದ ಎಳೆತ. ಎರಡನೆಯದರಿಂದ ಹಗುರ. ಇದಕ್ಕೆ ಒಗ್ಗಿಕೊಳ್ಳಲು ನನಗೆ ಮೂರು ಸಲ ಕ್ಲಬ್ಬಿಗೆ ಹೋಗಬೇಕಾಯಿತು. ಮೊದಲ ಗುಂಡು ಯಾವಾಗಲೂ ಕೆಳಗೆ ಎಡಕ್ಕೆ ಹೋಗುತ್ತಿತ್ತು. ಏಳು ಮೀಟರಿನಲ್ಲಿ ಈಗ ಎಂಟೂ ಗುಂಡು ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳುತ್ತವೆ. ಹದಿನೈದು ಮೀಟರಿಗೆ ಹೋದರೆ ನನ್ನ ಕೈಯಲ್ಲಿ ಭರವಸೆ ಇಲ್ಲ. ಕಣ್ಣಳತೆಗೆ ಕೊಟ್ಟ ಮುಂದಿನ ಗುರುತು ತೀರ ಸಣ್ಣದು, ಕಪ್ಪಿನ ಮೇಲೆ ಕಪ್ಪು. ಅದರ ಮೇಲೆ ಬಿಳಿ ಪೇಂಟಿನ ಒಂದು ಚುಕ್ಕೆ ಇಟ್ಟುಕೊಂಡಿದ್ದೇನೆ.

ಇನ್ನು ಸಿಕ್ಕಿಹಾಕಿಕೊಳ್ಳುವ ವಿಷಯ. ನಾಲ್ಕನೇ ಸಲ ಕ್ಲಬ್ಬಿಗೆ ಹೋದಾಗ ಮೂರು ಗುಂಡು ಸರಿಯಾಗಿ ಹಾರಿತು. ನಾಲ್ಕನೆಯದಕ್ಕೆ ಟ್ರಿಗರ್ ಒತ್ತಿದರೆ ಏನೂ ಇಲ್ಲ. ಸ್ಲೈಡ್ ಅರ್ಧದಲ್ಲಿ ನಿಂತಿತ್ತು. ನಳಿಗೆ ಗುರಿಯ ಕಡೆಗೇ ಇಟ್ಟು, ಬೆರಳು ಹೊರಗೆ ತೆಗೆದು, ಕಲಿಸುವವರನ್ನು ಕರೆದೆ. ಅವರು ಮ್ಯಾಗಜಿನ್ ಹೊರತೆಗೆದು ಬೆಳಕಿಗೆ ಹಿಡಿದು ತೋರಿಸಿದರು. ಪಾಯಿಂಟ್ 32 ಗುಂಡಿನ ಬುಡದ ಅಂಚು ಕೂದಲೆಳೆಯಷ್ಟು ಹೊರಗೆ ಚಾಚಿದೆ. ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಹಿಂದೆ ಬಿದ್ದರೆ ಎರಡೂ ಕೊಂಡಿ ಹಾಕಿಕೊಳ್ಳುತ್ತವೆ. ಮೇಲಿನದು ಮುಂದಕ್ಕೆ ಹೋಗುವುದೇ ಇಲ್ಲ. ಇದು ಒಂದು ಕಂಪನಿಯ ತಪ್ಪಲ್ಲ, ಈ ಗುಂಡಿನ ಹುಟ್ಟುಗುಣ. ತುಂಬುವಾಗ ಒಂದೊಂದನ್ನೂ ನೋಡಿ, ಮೇಲಿನದರ ಅಂಚು ಕೆಳಗಿನದಕ್ಕಿಂತ ಮುಂದೆ ಕೂರುವ ಹಾಗೆ ಜಾರಿಸಬೇಕು. ಮಲ್ಲಿಗೆ ಕಟ್ಟುವವರು ಒಂದು ಹೂವಿನ ತೊಟ್ಟಿನ ಮುಂದೆ ಇನ್ನೊಂದನ್ನು ಇಟ್ಟುಕೊಂಡು ಹೋಗುತ್ತಾರಲ್ಲ, ಅಷ್ಟು ನಿಧಾನ ಬೇಕು. ಆಮೇಲೆ ಆ ತೊಂದರೆ ಒಂದೇ ಒಂದು ಸಲ ಬಂದಿದೆ.

ಕಂಪನಿಯ ತಪ್ಪು ಬೇರೆ ಇತ್ತು. ಜೊತೆಗೆ ಕೊಟ್ಟ ಎರಡನೇ ಮ್ಯಾಗಜಿನ್‌ನ ಬಾಯಿ ಒಂದು ಬದಿಗೆ ಅಗಲವಾಗಿತ್ತು. ಗುಂಡು ಮೇಲೆ ಪುಟಿದು ಬರುತ್ತಿತ್ತು. ಬದಲಿಸಿಕೊಡಲು ಮೂರು ತಿಂಗಳು ಮಾಡಿದರು. ಜೀವ ಕಾಯಲಿ ಎಂದು ಕೊಳ್ಳುವ ವಸ್ತುವಿನಲ್ಲಿ ಇಂಥದ್ದು ಇರಬಾರದು. ಪೆಟ್ಟಿಗೆಗೆ ಹಾಕುವ ಮೊದಲು ಒಬ್ಬರು ಕಣ್ಣಿಟ್ಟು ನೋಡಿದ್ದರೆ ಸಾಕಿತ್ತು, ಅಲ್ವಾ? ಕೊಳ್ಳುವವರು ಅಂಗಡಿಯಲ್ಲೇ ಎರಡೂ ಮ್ಯಾಗಜಿನ್ ಅಕ್ಕಪಕ್ಕ ಇಟ್ಟು ಬಾಯಿ ಹೋಲಿಸಿ ನೋಡಿ.

ಸೊಂಟದಲ್ಲಿ ಇಟ್ಟುಕೊಳ್ಳುವ ಬಗ್ಗೆ ಹೆಂಗಸರು ನನ್ನನ್ನು ಜಾಸ್ತಿ ಕೇಳುತ್ತಾರೆ. ನಿಯಮ ಸ್ಪಷ್ಟ ಇದೆ: ಸಾರ್ವಜನಿಕ ಜಾಗದಲ್ಲಿ ಹೋಲ್ಸ್ಟರ್ ಎಂಬ ಪಿಸ್ತೂಲಿನ ಒರೆಯಲ್ಲೋ ಅಂಥ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ನಮ್ಮ ಹಿಡಿತದಲ್ಲಿರಬೇಕು. ವ್ಯಾನಿಟಿ ಬ್ಯಾಗಿನಲ್ಲಿ ಹಾಕಬೇಡಿ. ಬ್ಯಾಗನ್ನು ಯಾರದೋ ಮನೆಯ ಜಗಲಿಯಲ್ಲಿ ಇಟ್ಟು ಅಡಿಕೆ ನೋಡಲು ಅಂಗಳಕ್ಕೆ ಇಳಿಯುತ್ತೇವೆ, ಅಲ್ಲಿ ಮಕ್ಕಳು ಆಡುತ್ತಿರುತ್ತಾರೆ. ನಾನು ಚೂಡಿದಾರದ ಒಳಗೆ ಅಗಲದ ಬೆಲ್ಟ್ ಕಟ್ಟಿ, ಬಲಸೊಂಟದಲ್ಲಿ, ಈಗ ಸ್ವಲ್ಪ ಹೊಟ್ಟೆಯ ಕಡೆಗೆ, ಹೋಲ್ಸ್ಟರ್ ಹಾಕುತ್ತೇನೆ. ಗುಂಡು ತುಂಬಿದರೆ ಮುಕ್ಕಾಲು ಕಿಲೋ ಹತ್ತಿರ ಬರುತ್ತದೆ. ಬೆಳಿಗ್ಗೆ ತಿಳಿಯುವುದಿಲ್ಲ. ಸಂಜೆ ನಾಲ್ಕರ ಮೇಲೆ ಸೊಂಟದ ಮೂಳೆಗೆ ಒತ್ತುತ್ತದೆ. ಸೀರೆ ಉಟ್ಟ ದಿನ ನಾನು ತಗೊಂಡು ಹೋಗುವುದೇ ಇಲ್ಲ. ಮದುವೆ, ಪೂಜೆ, ಭೂತಕೋಲ, ಜಾತ್ರೆ ಇಂಥ ಕಡೆಗೂ ಇಲ್ಲ. ಸಂತೋಷಕ್ಕೆ ಗಾಳಿಯಲ್ಲಿ ಗುಂಡು ಹಾರಿಸಿದರೆ ಈಗ ಎರಡು ವರ್ಷದವರೆಗೆ ಜೈಲು ಅಥವಾ ಲಕ್ಷದವರೆಗೆ ದಂಡ ಇದೆ. ಹತ್ತಿರದವರು "ಒಂದು ಈಡು ಹಾಕಿ ನೋಡುವಾ" ಎಂದರೂ ನನ್ನ ಉತ್ತರ ಒಂದೇ, ಆಗುವುದಿಲ್ಲ.

2022ರ ಕೊನೆಗೆ ಒಂದು ಸಂಜೆ ನೀರ್ಚಾಲಿನ ಕಡೆಯಿಂದ ಬರುವಾಗ ಒಂದು ಬೈಕ್ ಹಿಂದೆ ಬಿತ್ತು. ಇಬ್ಬರು. ನಾನು ನಿಧಾನ ಮಾಡಿದರೆ ಅವರೂ ನಿಧಾನ. ಮೂರ್ನಾಲ್ಕು ಕಿಲೋಮೀಟರ್ ಹೀಗೇ ಬಂದರು. ಕೈ ಸೊಂಟಕ್ಕೆ ಹೋಯಿತು. ಸೀಟ್ ಬೆಲ್ಟಿನ ಪಟ್ಟಿ ಹೋಲ್ಸ್ಟರ್‌ನ ಮೇಲೆಯೇ ಕೂತಿತ್ತು, ಚೂಡಿದಾರ ಅದರ ಅಡಿಯಲ್ಲಿ ಸಿಕ್ಕಿತ್ತು. ಪಿಸ್ತೂಲಿನ ಹಿಡಿ ಬೆರಳಿಗೆ ತಾಗಲೂ ಇಲ್ಲ. ಒಂದು ವರ್ಷ ಸೊಂಟದಲ್ಲಿ ಹೊತ್ತಿದ್ದೆ, ಡ್ರೈವರ್ ಸೀಟಿನಲ್ಲಿ ಕೂತು ಒಂದು ಸಲವೂ ಕೈ ಹಾಕಿ ನೋಡಿರಲಿಲ್ಲ. ಲೈಟು ಇದ್ದ ಒಂದು ಅಂಗಡಿಯ ಎದುರು ಗಾಡಿ ನಿಲ್ಲಿಸಿ ಹಾರ್ನ್ ಒತ್ತಿ ಹಿಡಿದೆ. ಅಂಗಡಿಯವರು ಹೊರಗೆ ಬಂದರು, ಬೈಕಿನವರು ಮುಂದೆ ಹೋದರು. ಅವರು ಯಾರು, ಯಾಕೆ ಬಂದರು, ಇವತ್ತಿಗೂ ಗೊತ್ತಿಲ್ಲ. ಕೈಕಾಲು ನಡುಗುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಮರುದಿನ ಎರಡು ಕೆಲಸ ಮಾಡಿದೆ. ಹೋಲ್ಸ್ಟರನ್ನು ಸೊಂಟದ ಬದಿಯಿಂದ ಹೊಟ್ಟೆಯ ಕಡೆಗೆ ಸರಿಸಿದೆ. ದೊಡ್ಡ ಮೊತ್ತದ ಹಣವನ್ನು ಆದಷ್ಟು ಬ್ಯಾಂಕಿಗೆ ಹಾಕುವುದು ಎಂದು ತೀರ್ಮಾನಿಸಿದೆ. ಈಗ ಹತ್ತರಲ್ಲಿ ಏಳು ಮನೆಯವರು ಅದಕ್ಕೆ ಒಪ್ಪಿದ್ದಾರೆ.

ನಮ್ಮ ಊರಿನವರು ಕೊಳ್ಳುವ ಮೊದಲೇ ಯೋಚಿಸಬೇಕಾದದ್ದು ಗಡಿ. ಲೈಸನ್ಸಿನಲ್ಲಿ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದು ಬರೆದಿರುತ್ತದೆ. ನನ್ನದರಲ್ಲಿ ಕೇರಳ ಎಂದಿದೆ. ಓದಿದಾಗ ಏನೂ ಅನಿಸಲಿಲ್ಲ. ಆದರೆ ನಮ್ಮ ಬದುಕು ಅರ್ಧ ಗಡಿಯ ಆಚೆ, ಕರ್ನಾಟಕದಲ್ಲಿ ಇದೆ. ಅಮ್ಮನ ಆಸ್ಪತ್ರೆ ಮಂಗಳೂರಿನಲ್ಲಿ, ತಂಗಿಯ ಮನೆ ವಿಟ್ಲದಲ್ಲಿ, ಮಾಲು ಹೋಗುವುದು ಪುತ್ತೂರಿಗೆ, ಮಂಗಳೂರಿಗೆ. ಅಡಿಕೆಗೆ ಗಡಿ ಗೊತ್ತಿಲ್ಲ. ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ 1973ರಲ್ಲಿ ಹುಟ್ಟಿದ್ದೇ ಎರಡೂ ರಾಜ್ಯದ ಬೆಳೆಗಾರರಿಗಾಗಿ. ಪಿಸ್ತೂಲು ಮಾತ್ರ ಗಡಿಯ ತಲಪಾಡಿ ದಾಟುವಂತಿಲ್ಲ. ಹಣ ತುಂಬ ಇರುವುದು ಮಾಲು ಕೊಟ್ಟು ವಾಪಸ್ ಬರುವಾಗ. ಆ ದಾರಿಯಲ್ಲೇ ಅದು ನನ್ನ ಹತ್ತಿರ ಇರುವುದಿಲ್ಲ.

ಒಂದು ದಿನ ಪೆರ್ಲದ ತನಕ ಹೋಗಿದ್ದೆ. ಅಲ್ಲಿಂದ ಹಾಗೇ ಅಡ್ಕಸ್ಥಳ, ಸಾರಡ್ಕ ದಾಟಿ ತಂಗಿಯ ಮನೆಗೆ ಹೋಗುವಾ ಎಂದು ಗಾಡಿ ತಿರುಗಿಸಿದೆ. ಆಮೇಲೆ ಸೊಂಟದ ಭಾರ ನೆನಪಾಯಿತು. ಯಾರ ಕೈಯಲ್ಲೂ ಕೊಟ್ಟು ಹೋಗುವ ಹಾಗಿಲ್ಲ, ಗಾಡಿಯಲ್ಲಿ ಬಿಡುವ ಹಾಗೂ ಇಲ್ಲ. ಬದಿಯಡ್ಕಕ್ಕೆ ವಾಪಸ್ ಬಂದು, ಕಪಾಟಿನಲ್ಲಿಟ್ಟು ಬೀಗ ಹಾಕಿ, ಮತ್ತೆ ಹೊರಟೆ. ತಂಗಿ ಊಟಕ್ಕೆ ಕಾದು ಕೂತಿದ್ದಳು. ಗಡಿಯಂಚಿನ ಕೆಲವು ದಾರಿ ಕರ್ನಾಟಕದ ಒಳಗೆ ನುಗ್ಗಿ ಮತ್ತೆ ಕೇರಳಕ್ಕೆ ಬರುತ್ತದೆ, ಅದನ್ನೂ ಲೆಕ್ಕ ಹಾಕಬೇಕು. ಲೈಸನ್ಸಿನ ವ್ಯಾಪ್ತಿ ಹೆಚ್ಚಿಸಲು ಅರ್ಜಿ ಕೊಡಬಹುದು. ನಾನು ಮೊದಲೇ ಕೇಳದೆ ತಪ್ಪು ಮಾಡಿದೆ, ಈಗ ಕೊಟ್ಟಿದ್ದೇನೆ. ಗಡಿಯ ಕನ್ನಡಿಗರೆಲ್ಲ ಮೊದಲ ಅರ್ಜಿಯಲ್ಲೇ ಇದನ್ನು ಕಾರಣದ ಸಮೇತ ಕೇಳಿ. ನಿಮಗೆ ಆಚೆ ವ್ಯಾಪಾರ ಇದೆ ಎಂಬುದಕ್ಕೆ ಬಿಲ್ಲುಗಳನ್ನು ಜೋಡಿಸಿ ಇಟ್ಟುಕೊಳ್ಳಿ.

ಇನ್ನು ತುಕ್ಕು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ. ಮೊದಲ ಮಳೆಗಾಲದಲ್ಲಿ ನಾನು ಪಿಸ್ತೂಲನ್ನು ಚರ್ಮದ ಹೋಲ್ಸ್ಟರ್‌ನಲ್ಲೇ ಹಾಕಿ ಕಪಾಟಿನಲ್ಲಿಟ್ಟೆ. ಆಟಿ ತಿಂಗಳಲ್ಲಿ (ಆಷಾಢದ ಹೊತ್ತಿಗೆ) ತೆಗೆದು ನೋಡಿದರೆ ಚರ್ಮಕ್ಕೆ ಬೂಷ್ಟು, ಸ್ಲೈಡಿನ ಬದಿಯಲ್ಲಿ ಕೆಂಪು ಪುಡಿ. ಚರ್ಮ ನೀರನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಎಂದೂ ಅದರೊಳಗೆ ಇಟ್ಟು ಬಿಡಬೇಡಿ. ಅಮ್ಮ ತೆಂಗಿನೆಣ್ಣೆ ಹಚ್ಚು ಎಂದರು, ಹಚ್ಚಿದೆ. ಡಿಸೆಂಬರಿನ ಬೆಳಗಿನ ಚಳಿಗೆ ಅದು ಹೆಪ್ಪುಗಟ್ಟಿ ಸ್ಲೈಡ್ ಜಡವಾಯಿತು. ಈಗ ಹೊಲಿಗೆ ಮೆಷಿನ್ನಿನ ತೆಳು ಎಣ್ಣೆ, ಹಳೆ ಬನಿಯನ್ ಬಟ್ಟೆ, ಒಂದು ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಆದಿತ್ಯವಾರ ಬೆಳಿಗ್ಗೆ ಹತ್ತು ನಿಮಿಷ. ಮೊದಲು ಮ್ಯಾಗಜಿನ್ ತೆಗೆಯುವುದು, ಸ್ಲೈಡ್ ಎಳೆದು ನಳಿಗೆಯ ಬುಡ ಖಾಲಿ ಇದೆಯಾ ಎಂದು ಕಣ್ಣಲ್ಲೂ ಕಿರುಬೆರಳಲ್ಲೂ ನೋಡುವುದು. ಆಮೇಲೆಯೇ ಬಿಚ್ಚುವುದು. ಗುಂಡು ಬೇರೆ ಕಪಾಟಿನಲ್ಲಿ, ಎರಡರ ಬೀಗದ ಕೈಯೂ ನನ್ನ ಹತ್ತಿರ.

ಇಷ್ಟು ಜೋಪಾನ ಮಾಡಿದರೂ ಚುನಾವಣೆ ಬಂದರೆ ಕೈಬಿಟ್ಟು ಹೋಗುತ್ತದೆ. 2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಘೋಷಣೆ ಆಯಿತು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಆಯುಧ ಒಪ್ಪಿಸಬೇಕಾಗಿ ಬಂತು, ಅಷ್ಟೂ ದಿನ ಪಿಸ್ತೂಲು ಠೇವಣಿಯಲ್ಲಿ. ವಾಪಸ್ ತರುವಾಗ ಮಳೆ ಹಿಡಿದಿತ್ತು. ಮನೆಗೆ ಬಂದು ಬಿಚ್ಚಿದೆ. ಹಿಡಿಯ ಸ್ಕ್ರೂ ಎರಡೂ ಕಂದು, ಮ್ಯಾಗಜಿನ್ ಸ್ಪ್ರಿಂಗಿನಲ್ಲಿ ತುಕ್ಕಿನ ಚುಕ್ಕೆ, ನಳಿಗೆಯ ತುದಿಯಲ್ಲಿ ಉಗುರಿಗೆ ತಾಗುವಂಥ ಒಂದು ಹಳ್ಳ. ಆ ಹಳ್ಳ ಇನ್ನು ಹೋಗುವುದಿಲ್ಲ. ಚುನಾವಣೆಗೆ ಒಪ್ಪಿಸಬೇಕು ಎಂಬುದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ತಗೊಂಡ ವಸ್ತುವನ್ನು ಒಣ ಜಾಗದಲ್ಲಿ ಇಡಬಹುದಿತ್ತು.

ಮತ್ತೆ ಕೊಳ್ಳುತ್ತೀರಾ ಎಂದರೆ, ತೋಟದ ದಾರಿಗೆ ಒಬ್ಬಳೇ ಹೋಗುವ ಕೆಲಸ ಇರುವ ತನಕ ಹೌದು, ಇದೇ ಗಾತ್ರದ್ದು. ಸುಮ್ನೆ ಧೈರ್ಯಕ್ಕೆ, ಊರಿನವರ ಎದುರು ಒಂದು ಗೌರವಕ್ಕೆ ಎಂದು ಕೊಳ್ಳುವವರು ಬೇಡ. ನನ್ನ ಲೈಸನ್ಸಿನಲ್ಲಿ ವರ್ಷಕ್ಕೆ 50 ಗುಂಡು. ಅದರಲ್ಲಿ ನಲವತ್ತಾದರೂ ಕ್ಲಬ್ಬಿನಲ್ಲಿ ಹಾರಿಸದಿದ್ದರೆ ಕೈಯಲ್ಲಿ ಇದ್ದು ಏನೂ ಪ್ರಯೋಜನ ಇಲ್ಲ.

ಮುಂದಿನ ಚುನಾವಣೆ ಬಂದಾಗ ಮತ್ತೆ ಒಪ್ಪಿಸಬೇಕಾಗಿ ಬರಬಹುದು. ಈ ಸಲ ನಾನು ತಯಾರಿದ್ದೇನೆ. ಎಣ್ಣೆ ದಪ್ಪಗೆ ಸವರಿ, ಎಣ್ಣೆ ಕಾಗದ ಸುತ್ತಿ, ಮುಚ್ಚಳ ಬಿಗಿ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಪೊಟ್ಟಣ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಒಪ್ಪಿಸುವ ದಿನ ನಾಲ್ಕೂ ಬದಿಯ ಫೋಟೊ ತೆಗೆದು, ನಳಿಗೆಯ ತುದಿಯ ಆ ಹಳ್ಳವನ್ನೂ ರಸೀದಿಯಲ್ಲಿ ಬರೆಸಿಕೊಳ್ಳುತ್ತೇನೆ.