ಮೈಸೂರು ಸಿಲ್ಕೋ, ಕಾಂಜೀವರಮ್ಮೋ: ಮದುವೆ ಮನೆಯಲ್ಲಿ ಯಾವುದಕ್ಕೆ ತೂಕ?

ಸೀರೆ ನಮಗೆ ಒಪ್ಪುತ್ತದೋ ಇಲ್ಲವೋ ಆಮೇಲಿನ ಮಾತು. ನೋಡಿದವರು ಏನಂದುಕೊಳ್ಳುತ್ತಾರೆ ಅನ್ನೋದೇ ಮೊದಲು, ಅಲ್ವಾ?

ಕಾಂಜೀವರಂ ದೂರದಿಂದಲೇ ಮಾತಾಡುತ್ತದೆ. ಅಗಲವಾದ ಜರಿ ಅಂಚು, ಮೈಗೊಂದು ಬಣ್ಣ ಅಂಚಿಗೊಂದು ಬಣ್ಣ, ಒಳ್ಳೇ ಭಾರ. ಛತ್ರದ ಕೊನೇ ಸಾಲಿನವರಿಗೂ ದುಡ್ಡು ಸುರಿದಿದ್ದು ಗೊತ್ತಾಗುತ್ತದೆ. ಆದರೆ ನಕಲಿ ಜರಿಯೂ ಫೋಟೋದಲ್ಲಿ ಹಾಗೇ ಮಿಂಚುತ್ತದೆ.

ಮೈಸೂರು ಸಿಲ್ಕ್ ಹಾಗಲ್ಲ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಕಾರ್ಖಾನೆ ಈಗ ಸರ್ಕಾರದ ಕೆಎಸ್‌ಐಸಿ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಕೈಯಲ್ಲಿದೆ. ಹೆಚ್ಚಿನವು ಒಂದೇ ಬಣ್ಣ, ಸರಳ ಜರಿ ಅಂಚು, ನೀರಿನಂತೆ ಇಳಿಬೀಳುವ ಕ್ರೇಪ್. ಗೊತ್ತಿಲ್ಲದವರು ಗಮನಿಸೋದೇ ಇಲ್ಲ, ಗೊತ್ತಿರುವ ಅತ್ತೆಯೊಬ್ಬರು ಮಾತ್ರ ಸೀದಾ ಬಂದು ಸೆರಗು ಹಿಡಿದು, ಬೆರಳಲ್ಲಿ ಉಜ್ಜಿ ನೋಡಿ, "ಕೆಎಸ್‌ಐಸಿದಾ?" ಅಂತ ಮೆಲ್ಲಗೆ ಕೇಳುತ್ತಾರೆ. ಆ ಒಂದು ಪ್ರಶ್ನೆಗಾಗಿಯೇ ಎಷ್ಟೋ ಜನ ಉಡೋದು ಅಂತ ನನ್ನ ಗುಮಾನಿ. ಅದು ಅಜ್ಜಿಯ ಸೀರೆಯಾದರೆ ಇನ್ನೂ ಮೇಲು. ಹಳೇ ಸೀರೆ ಅಂದರೆ ಹಳೇ ಮನೆತನ ಅನ್ನೋ ಲೆಕ್ಕ, ಹೊಸ ದುಡ್ಡಿಗೆ ಅದು ಸಿಗೋದಿಲ್ಲ.

ಗುರುತಿಲ್ಲದವರೇ ಜಾಸ್ತಿ ಇರುವ ಆರತಕ್ಷತೆಗೆ ಕಾಂಜೀವರಂ ಉಡಿ. ನೆಂಟರ ಮಧ್ಯೆ ಮೈಸೂರು ಸಿಲ್ಕ್ ಸಾಕು. ಓಡಾಡಿ ಬಡಿಸುವ ಕೆಲಸ ಇದ್ದರಂತೂ ಅದೇ ಸರಿ, ಹಗುರ.