ಕೊಳದ ಮೀನಿಗೆ ಚೌಕಟ್ಟಿನ ಬಲೆ: ಬಕದ ಕಾಟ ನಿಂತಿತು, ಆದರೆ ಎಲ್ಲ ಬೇಟೆಗಾರರಿಗೂ ಇದು ಸಾಲದು

ಮೊದಲೇ ಹೇಳಿಬಿಡುತ್ತೇನೆ. ಮನೆ ಕೊಳದ ಮೀನಿಗೆ ಬಕದ ಕಾಟ ಇದ್ದರೆ ದುಡ್ಡು ಹಾಕಬೇಕಾದ್ದು ಬಲೆಯ ಮೇಲೆ. ಅದೂ ನೀರಿನ ಮೇಲೆ ಸುಮ್ನೆ ಹಾಸುವ ಬಲೆಯಲ್ಲ, ಚೌಕಟ್ಟಿಗೆ ಬಿಗಿದು ಕಟ್ಟುವ ಬಲೆ. ನಾನು ಬಳಸುತ್ತಿರುವುದು ಒಂದು ಕಿಟ್. ಅಲ್ಯೂಮಿನಿಯಂ ಪೈಪುಗಳು, ಹೆಣೆದ ಪಾಲಿಥಿಲೀನ್ ಬಲೆ, ಬಲೆಯನ್ನು ಪೈಪಿಗೆ ಕಚ್ಚಿಸುವ ಕ್ಲಿಪ್ಪುಗಳು, ನೆಲಕ್ಕೆ ಹೊಡೆಯುವ ಗೂಟಗಳು, ಎಲ್ಲ ಒಟ್ಟಿಗೆ ಬರುತ್ತವೆ. ಮಳೆ, ಬಿಸಿಲು, ಗಾಳಿ ಎಲ್ಲವನ್ನೂ ಇದು ನನ್ನ ಕೊಳದ ಮೇಲೆ ಕಂಡಾಗಿದೆ. ಹಾಕಿದ ಮೇಲೆ ಬಕಕ್ಕೆ ಒಂದು ಮೀನೂ ಸಿಕ್ಕಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು ಯಾಕೆ ಹೋಯಿತು ಎನ್ನುವುದು ಮುಂದೆ ಬರುತ್ತದೆ.

ಬಕ ಬೇಟೆಯಾಡುವ ರೀತಿ ಗೊತ್ತಿದ್ದರೆ ಮಾತ್ರ ಯಾವ ಸಾಮಾನು ಯಾಕೆ ಸೋಲುತ್ತದೆ ಅಂತ ಅರ್ಥವಾಗುತ್ತದೆ. ಬೂದು ಬಕ ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. ತೂಕ ಮಾತ್ರ ಒಂದರಿಂದ ಎರಡು ಕಿಲೋ. ಅದಕ್ಕೆ ಈಜಿ ಬೆನ್ನಟ್ಟುವ ಅಭ್ಯಾಸವಿಲ್ಲ, ದಡದಲ್ಲೋ ಕಾಲು ಮುಳುಗುವಷ್ಟು ನೀರಿನಲ್ಲೋ ಅಲ್ಲಾಡದೆ ನಿಂತು, ಮೀನು ತಾನಾಗಿಯೇ ಹತ್ತಿರ ಬರುವವರೆಗೆ ಕಾದು, ಒಂದೇ ಏಟಿಗೆ ಕತ್ತು ಚಾಚಿ ಕೊಕ್ಕು ಹಾಕುತ್ತದೆ. ಬೆಳಕು ಹರಿಯುವ ಹೊತ್ತು ಮತ್ತು ಮುಸ್ಸಂಜೆ ಅದಕ್ಕೆ ಇಷ್ಟ. ಅಂದರೆ ನಾವು ಕೊಳದ ಹತ್ತಿರ ಇರದ ಹೊತ್ತು. ಒಮ್ಮೆ ಊಟ ಸಿಕ್ಕಿದ ಜಾಗವನ್ನು ಅದು ಮರೆಯುವುದಿಲ್ಲ, ಮತ್ತೆ ಮತ್ತೆ ಬರುತ್ತದೆ.

ತಪ್ಪಿಸಿಕೊಂಡ ಮೀನಿನ ಪಾಡು ಇನ್ನೂ ಕೆಟ್ಟದ್ದು. ಬೆನ್ನ ಮೇಲೆ ಕೊಕ್ಕು ಚುಚ್ಚಿದ ಗಾಯ, ಹುರುಪೆ ಕಿತ್ತುಹೋದ ಜಾಗ, ಅಲ್ಲಿ ಹತ್ತುವ ಸೋಂಕು. ಗಾಯ ಆಗದ ಮೀನುಗಳೂ ಹೆದರಿ ಕೆಳಗೆ ಅವಿತುಕೊಳ್ಳುತ್ತವೆ, ಆಹಾರ ಹಾಕಿದರೂ ಮೇಲೆ ಬರುವುದಿಲ್ಲ. ದಿನಾ ಕೈಯ ಹತ್ತಿರ ಬಂದು ತಿನ್ನುತ್ತಿದ್ದ ಕೋಯಿ (ಚೆಂದಕ್ಕೆ ಸಾಕುವ ಬಣ್ಣದ ಮೀನು) ನೆರಳು ಬಿದ್ದರೂ ಸಾಕು ಓಡಿಹೋಗುವುದನ್ನು ನೋಡಿದವರಿಗೆ ಇದು ಬರೀ ಮೀನು ಕಳೆದುಕೊಂಡ ಲೆಕ್ಕವಲ್ಲ ಅಂತ ಗೊತ್ತಿರುತ್ತದೆ. ಕೋಯಿ ಹತ್ತಾರು ವರ್ಷ ಬದುಕುವ ಮೀನು, ಅಷ್ಟು ಕಾಲ ಅದು ನಮ್ಮ ಜೊತೆಗೇ ಇರುತ್ತದೆ, ಅಲ್ವಾ?

ಹೋಲಿಸಿ ಹೇಳಬೇಕು ಅಂತ ಉಳಿದ ಸಾಮಾನುಗಳ ಬಗ್ಗೆಯೂ ಬರೆಯುತ್ತೇನೆ. ಪ್ಲಾಸ್ಟಿಕ್ ಬಕದ ಗೊಂಬೆ ಕೆಲಸಕ್ಕೆ ಬರುವುದಿಲ್ಲ. ಒಂದು ಬಕ ಇರುವ ಜಾಗಕ್ಕೆ ಇನ್ನೊಂದು ಬರುವುದಿಲ್ಲ ಎಂಬ ನಂಬಿಕೆಯ ಮೇಲೆ ಇದನ್ನು ಮಾರುತ್ತಾರೆ. ಆದರೆ ಬಕಗಳು ಗುಂಪಾಗಿ ಗೂಡು ಕಟ್ಟುವ ಹಕ್ಕಿಗಳು, ಮೀನು ಚೆನ್ನಾಗಿರುವ ಕಡೆ ಹಲವು ಸೇರಿ ನಿಂತಿರುತ್ತವೆ. ಬಕ ನಿಂತಿರುವುದು ಕಂಡರೆ ಅಲ್ಲಿ ಊಟ ಇದೆ ಅಂತಲೇ ಇನ್ನೊಂದಕ್ಕೆ ಅನ್ನಿಸಬಹುದು. ಹೊಳೆಯುವ ಟೇಪು, ಹಳೆ ಸಿ.ಡಿ.ಗಳು ಸ್ವಲ್ಪ ದಿನ ಹೆದರಿಸುತ್ತವೆ. ಹೆದರಿಕೆ ಹೋದ ಮೇಲೆ ಮುಗಿಯಿತು.

ಸೆನ್ಸರ್ ಇರುವ ನೀರಿನ ಸ್ಪ್ರಿಂಕ್ಲರ್ ಸ್ವಲ್ಪ ಬೇರೆ. ಅದು ನಿಜಕ್ಕೂ ಒಳ್ಳೆಯ ಯೋಚನೆ. ಯಾವುದಾದರೂ ಬೆಚ್ಚಗಿನ ಮೈ ಎದುರು ಓಡಾಡಿದರೆ ಅದರ ಶಾಖದ ಬದಲಾವಣೆ ಸೆನ್ಸರಿಗೆ ತಿಳಿದು ತಟ್ಟನೆ ನೀರು ಚಿಮ್ಮುತ್ತದೆ, ಸದ್ದಿಗೂ ನೀರಿಗೂ ಬೆಕ್ಕಾಗಲಿ ಬಕವಾಗಲಿ ಹಾರಿ ಓಡುತ್ತದೆ, ಯಾರಿಗೂ ನೋವಿಲ್ಲ. ತೊಂದರೆ ಎಲ್ಲಿ ಅಂದರೆ, ಸುಡು ಬಿಸಿಲಿನಲ್ಲಿ ಸುತ್ತಲಿನ ನೆಲವೇ ಕಾದಿರುವಾಗ ಹಕ್ಕಿಯ ಮೈ ಬಿಸಿಗೂ ಅದಕ್ಕೂ ವ್ಯತ್ಯಾಸ ಕಡಿಮೆಯಾಗಿ ಸೆನ್ಸರ್ ಮಂಕಾಗುತ್ತದೆ. ಬಕದ ದಪ್ಪ ಗರಿಗಳಿಂದ ಶಾಖ ಹೊರಗೆ ಬರುವುದೂ ಕಡಿಮೆ. ಮೇಲಾಗಿ ಅದು ನಡೆಯುವುದು ಒಂದೊಂದೇ ಹೆಜ್ಜೆ, ಆಮೇಲೆ ನಿಂತೇ ಬಿಡುತ್ತದೆ. ಪೈಪಿನಲ್ಲಿ ಸದಾ ನೀರಿನ ಒತ್ತಡ ಇರಬೇಕು, ಬ್ಯಾಟರಿ ಖಾಲಿಯಾದರೆ ಗೊತ್ತೇ ಆಗುವುದಿಲ್ಲ, ಹಿಮ ಬೀಳುವ ಕಡೆ ಚಳಿಗಾಲ ಪೂರ್ತಿ ತೆಗೆದಿಡಬೇಕು. ಬಲೆಯ ಜೊತೆಗೆ ಇದ್ದರೆ ಒಳ್ಳೆಯದು. ಬಲೆಯ ಬದಲಿಗೆ ಇದನ್ನೇ ನಂಬಬಾರದು.

ಈಗ ಕಿಟ್ಟಿನ ವಿಷಯ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಬಲೆ ನಿಲ್ಲುವ ಎತ್ತರ. ಬೂದು ಬಕದ ಕೊಕ್ಕೇ ಹತ್ತು ಸೆಂಟಿಮೀಟರಿಗಿಂತ ಉದ್ದ. ಬಲೆ ನೀರಿಗೆ ತಾಗಿಕೊಂಡಿದ್ದರೆ ಅದು ಬಲೆಯ ಕಣ್ಣಿನ ಮೂಲಕವೇ ಚುಚ್ಚುತ್ತದೆ, ಮೀನು ಎತ್ತಿಕೊಂಡು ಹೋಗಲು ಆಗದಿದ್ದರೂ ಗಾಯ ಮಾಡಿಯೇ ಹೋಗುತ್ತದೆ. ಜೋತುಬಿದ್ದ ಬಲೆಯಾದರೆ ಅದರ ಮೇಲೇ ನಿಂತು, ತನ್ನ ಭಾರಕ್ಕೆ ಬಲೆ ನೀರಿಗೆ ಇಳಿಯುವಂತೆ ಮಾಡುತ್ತದೆ. ಈ ಕಿಟ್ಟಿನಲ್ಲಿ ಚೌಕಟ್ಟು ಕಾಲುಗಳ ಮೇಲೆ ನಿಲ್ಲುತ್ತದೆ, ಹಾಗಾಗಿ ಬಲೆಗೂ ನೀರಿಗೂ ನಡುವೆ ಮೊಳಕ್ಕೆ ಸ್ವಲ್ಪ ಕಡಿಮೆ ಜಾಗ ಉಳಿಯುತ್ತದೆ. ನಡುವೆ ಅಡ್ಡಪೈಪು ಇರುವುದರಿಂದ ಜೋತುಬೀಳುವುದೂ ಇಲ್ಲ. ತಾವರೆ ಎಲೆಗಳು ಎದ್ದು ನಿಲ್ಲಲು, ಮೀನು ಮೇಲೆ ಬಂದು ಬಾಯಿ ತೆರೆಯಲು ಜಾಗ ಸಿಗುತ್ತದೆ. ದೂರದಿಂದ ನೋಡಿದರೆ ಕೊಳದ ಚೆಲುವು ಸ್ವಲ್ಪ ಕಡಿಮೆಯಾಗಿದೆ, ನಿಜ. ಕಪ್ಪು ಬಲೆಯಾದ್ದರಿಂದ ಕಣ್ಣಿಗೆ ಬೇಗ ಒಗ್ಗುತ್ತದೆ.

ಬಲೆ ಯಾವುದರಿಂದ ಮಾಡಿದ್ದು ಅಂತ ಕೊಳ್ಳುವ ಮುಂಚೆ ಓದಿ. ನೈಲಾನ್ ಗಟ್ಟಿ, ಆದರೆ ನೀರು ಹೀರುತ್ತದೆ. ಒದ್ದೆಯಾದಾಗ ಹಿಗ್ಗಿ ಜೋತುಬೀಳುತ್ತದೆ, ನೀರಿಗೆ ಬಿದ್ದರೆ ಮುಳುಗುತ್ತದೆ. ಪಾಲಿಥಿಲೀನ್ ನೀರು ಹೀರುವುದಿಲ್ಲ, ನೀರಿಗಿಂತ ಹಗುರ, ಬಿದ್ದರೂ ತೇಲುತ್ತದೆ. ಅದಕ್ಕೆ ಬಿಸಿಲು ತಡೆಯುವ ಅಂಶ ಸೇರಿಸಿರಬೇಕು, ಇಲ್ಲದಿದ್ದರೆ ಬಿಸಿಲಿಗೆ ಪುಡಿಪುಡಿಯಾಗಿ ಆ ಚೂರುಗಳೇ ಕೊಳಕ್ಕೆ ಬೀಳುತ್ತವೆ. ಕಪ್ಪು ಬಣ್ಣ ಕೊಡುವ ಕಾರ್ಬನ್ ಬ್ಲ್ಯಾಕ್ ಬಿಸಿಲನ್ನೂ ತಡೆಯುತ್ತದೆ. ನನ್ನ ಬಲೆಯ ನೂಲು ಇನ್ನೂ ಬಳುಕುತ್ತದೆ, ಎಳೆದರೆ ಹರಿಯುವುದಿಲ್ಲ.

ಬಲೆಯ ಕಣ್ಣಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಇದರ ಬಗ್ಗೆ ಮಾರುವವರು ಮಾತಾಡುವುದೇ ಇಲ್ಲ. ಮೀನು ಉಳಿಸಲು ಹಾಕಿದ ಬಲೆ ಬೇರೆ ಜೀವಗಳನ್ನು ಕೊಲ್ಲಬಾರದು. ಮೀನು ಹಿಡಿಯುವ ದಾರದಂಥ ತೆಳು ಒಂಟಿ ಎಳೆಯ ಬಲೆ, ದೊಡ್ಡ ಕಣ್ಣು, ಸಡಿಲ ಅಂಚು, ಈ ಮೂರೂ ಸೇರಿದರೆ ಹಾವು, ಕಪ್ಪೆ, ಸಣ್ಣ ಹಕ್ಕಿ, ಬಾವಲಿ ಸಿಕ್ಕಿಹಾಕಿಕೊಂಡು ಒದ್ದಾಡಿ ಸಾಯುತ್ತವೆ. ಹಾವು ಅರ್ಧ ತೂರಿದ ಮೇಲೆ ಹಿಂದೆ ಸರಿಯಲು ಆಗುವುದಿಲ್ಲ, ಹುರುಪೆ ಬಲೆಗೆ ಸಿಕ್ಕಿಕೊಳ್ಳುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರ್‌ನಿಂದ ಮನೆತೋಟದ ಹಣ್ಣಿನ ಗಿಡಗಳ ಮೇಲೆ ಹಾಕುವ ಬಲೆಗೆ ಒಂದು ನಿಯಮ ಇದೆ. ಪೂರ್ತಿ ಎಳೆದು ಹಿಡಿದಾಗ ಕಣ್ಣು 5 ಮಿಲಿಮೀಟರ್ ದಾಟಬಾರದು. ಬಲೆಯೊಳಗೆ ಬೆರಳು ತೂರಿದರೆ ಕಣ್ಣು ದೊಡ್ಡದು ಅಂತ ಲೆಕ್ಕ. ಆ ನಿಯಮ ಕೊಳಕ್ಕಾಗಿ ಮಾಡಿದ್ದಲ್ಲ, ಆದರೂ ಬಲೆ ಕೊಳ್ಳುವಾಗ ನಾನು ಅದನ್ನೇ ಅಳತೆಗೋಲು ಮಾಡಿಕೊಂಡೆ. ಈ ಕಿಟ್ ಎರಡು ಬಗೆಯ ಬಲೆಯಲ್ಲಿ ಸಿಗುತ್ತದೆ, ನಾನು ಸಣ್ಣ ಕಣ್ಣಿನದ್ದನ್ನು ತೆಗೆದುಕೊಂಡೆ.

ಸಣ್ಣ ಕಣ್ಣಿಗೆ ಅದರದ್ದೇ ಕೆಲಸ ಇದೆ. ಉದುರಿದ ಎಲೆ ಎಲ್ಲ ಮೇಲೇ ನಿಲ್ಲುತ್ತದೆ, ಆಗಾಗ ಗುಡಿಸಬೇಕು. ಗಾಳಿ ಹೆಚ್ಚಿದ್ದಾಗ ಚೌಕಟ್ಟು ನಡುಗುತ್ತದೆ. ಆದರೆ ಆ ಎಲೆಗಳು ಕೊಳದ ತಳಕ್ಕೆ ಹೋಗಿ ಕೊಳೆತು ನೀರು ಕೆಡಿಸುವುದಕ್ಕಿಂತ ಮೇಲಿರುವುದೇ ಒಳ್ಳೆಯದು. ಫಿಲ್ಟರ್ ತೊಳೆಯುವ ಕೆಲಸವೂ ಕಡಿಮೆಯಾಗಿದೆ. ಇದನ್ನು ಕಿಟ್ಟಿನ ಡಬ್ಬಿಯ ಮೇಲೆ ಬರೆದಿಲ್ಲ, ಬರೆಯಬೇಕಿತ್ತು.

ಮಿಂಚುಳ್ಳಿಗೂ ಇದು ಸಾಕು. ಅದು ಕೊಂಬೆ ಮೇಲಿಂದ ನೇರ ಧುಮುಕಿ ಮರಿಮೀನು ಎತ್ತುವ ಹಕ್ಕಿ. ದೊಡ್ಡ ಮೀನಿಗೆ ಅದರಿಂದ ಭಯವಿಲ್ಲ, ಮರಿಗಳು ಮಾತ್ರ ಸದ್ದಿಲ್ಲದೆ ಕಡಿಮೆಯಾಗುತ್ತಾ ಹೋಗುತ್ತವೆ. ನೀರುಕಾಗೆ ಮುಳುಗಿ ಬೆನ್ನಟ್ಟಿ ಹಿಡಿಯುವ ಹಕ್ಕಿ, ಆಳವಾದ ನೀರು ಅದಕ್ಕೆ ಅಡ್ಡಿಯೇ ಅಲ್ಲ. ಮೇಲೆ ಪೂರ್ತಿ ಮುಚ್ಚಿದ್ದರೆ ಅದಕ್ಕೆ ಇಳಿಯುವ ದಾರಿಯೇ ಇಲ್ಲ. ಬೆಕ್ಕಿನ ಬಗ್ಗೆ ಹೇಳುವುದು ಏನೂ ಇಲ್ಲ, ಬಂದು ನೋಡಿ ಹೋಗುತ್ತದೆ.

ನೀರುನಾಯಿ ಇರುವ ಕಡೆ ಮಾತ್ರ ಈ ಕಿಟ್ ಕೊಳ್ಳಬೇಡಿ. ಅಥವಾ ಇದೊಂದನ್ನೇ ನಂಬಬೇಡಿ. ಹಕ್ಕಿಗೆ ಮಾಡಿದ ಬಲೆ ನೀರುನಾಯಿಗೆ ಏನೇನೂ ಅಲ್ಲ. ಅದು ಗೂಟ ಕಿತ್ತು, ಅಂಚು ಎತ್ತಿ, ಬೇಕಾದರೆ ಬಲೆ ಕಡಿದು ಒಳಗೆ ನುಗ್ಗುತ್ತದೆ, ಒಂದೇ ರಾತ್ರಿಯಲ್ಲಿ ದೊಡ್ಡ ದೊಡ್ಡ ಮೀನುಗಳನ್ನೇ ಎಳೆದು ಹಾಕಬಲ್ಲದು. ಅದಕ್ಕೆ ಕೊಳದ ಸುತ್ತ ಗಟ್ಟಿ ತಂತಿ ಬೇಲಿ ಬೇಕು, ಬೇಲಿಯ ಬುಡ ನೆಲದೊಳಗೆ ಹೂತಿರಬೇಕು ಇಲ್ಲವೇ ಹೊರಗಡೆಗೆ ನೆಲದ ಮೇಲೆ ಹಾಸಿರಬೇಕು, ಯಾಕೆಂದರೆ ಅದು ಅಗೆಯುತ್ತದೆ, ಹತ್ತಲೂ ಬಲ್ಲದು. ವಿದ್ಯುತ್ ಬೇಲಿಯೂ ಆಗುತ್ತದೆ, ಪ್ರಾಣಿಗಳಿಗೆಂದೇ ಮಾಡಿದ ಎನರ್ಜೈಸರ್ (ಜೀವಕ್ಕೆ ಅಪಾಯವಿಲ್ಲದ ಸಣ್ಣ ಶಾಕ್ ಮಾತ್ರ ಕೊಡುವ ಪೆಟ್ಟಿಗೆ) ಹಾಕಿದ್ದು ಮಾತ್ರ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಕೊಲೆಗೆ ಸಮ, ಮನುಷ್ಯರೂ ಸಾಯುತ್ತಾರೆ.

ಹಾಗಾಗಿ ಏನಾದರೂ ಕೊಳ್ಳುವ ಮೊದಲು ಬರುತ್ತಿರುವವರು ಯಾರು ಅಂತ ತಿಳಿದುಕೊಳ್ಳಿ. ದಡದಲ್ಲಿ ಅರ್ಧ ತಿಂದು ಬಿಟ್ಟ ದೊಡ್ಡ ಮೀನು, ಕಲ್ಲಿನ ಮೇಲೆ ಮುಳ್ಳು ಹುರುಪೆ ತುಂಬಿದ, ಮೀನು ವಾಸನೆಯ ಹಿಕ್ಕೆ ಇದ್ದರೆ ಹೆಚ್ಚಾಗಿ ನೀರುನಾಯಿ. ಮೀನು ಗುರುತೇ ಇಲ್ಲದೆ ಮಾಯ, ಉಳಿದವುಗಳ ಬೆನ್ನ ಮೇಲೆ ಚುಚ್ಚಿದ ಗಾಯ, ದಡದ ಕೆಸರಿನಲ್ಲಿ ಉದ್ದ ಬೆರಳಿನ ಹೆಜ್ಜೆ ಇದ್ದರೆ ಬಕ. ಅನುಮಾನ ಇದ್ದರೆ ರಾತ್ರಿ ಚಿತ್ರ ತೆಗೆಯುವ ಒಂದು ಕ್ಯಾಮೆರಾ ಕಟ್ಟಿಡಿ, ಬೆಳಗ್ಗೆ ಉತ್ತರ ಸಿಗುತ್ತದೆ.

ಬಕದ ಮೇಲಾಗಲಿ ನೀರುನಾಯಿಯ ಮೇಲಾಗಲಿ ನನಗೆ ಸಿಟ್ಟಿಲ್ಲ. ಅವಕ್ಕೆ ಅದು ಬದುಕು. ಆದರೆ ಹೊಳೆಯ ಮೀನಿಗೆ ಓಡಲು ಹೊಳೆ ಇದೆ, ಕೊಳದ ಮೀನಿಗೆ ಇಲ್ಲ. ಅದನ್ನು ಆ ಚಿಕ್ಕ ಜಾಗದಲ್ಲಿ ಇಟ್ಟವರು ನಾವು, ಕಾಯಬೇಕಾದವರೂ ನಾವೇ. ವಿಷ, ಉರುಳು, ಬಂದೂಕು ಅಂತ ಕೆಲವರು ಸಲಹೆ ಕೊಡುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಕಾನೂನೂ ಅದಕ್ಕೆ ಒಪ್ಪುವುದಿಲ್ಲ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅಮೆರಿಕದಲ್ಲಿ ವಲಸೆ ಹಕ್ಕಿಗಳಿಗಾಗಿ 1918ರಲ್ಲಿ ಬಂದ ಕಾಯ್ದೆ, ಬ್ರಿಟನ್ನಿನಲ್ಲಿ 1981ರ ಕಾಯ್ದೆ, ಹೀಗೆ ಹೆಚ್ಚಿನ ಕಡೆ ಈ ಜೀವಿಗಳಿಗೆ ರಕ್ಷಣೆ ಇದೆ.

ಬಲೆ ಹಾಕಿದ ಮೇಲೂ ಕೊಳದೊಳಗೆ ಮೀನಿಗೆ ಅಡಗಲು ಜಾಗ ಕೊಡಿ. ಅಗಲವಾದ ಮಣ್ಣಿನ ಪೈಪು, ಕಲ್ಲು ಜೋಡಿಸಿದ ಗೂಡು, ಮೇಲೆ ತೇಲುವ ಎಲೆಗಳು. ಹೊಸದಾಗಿ ಕೊಳ ತೋಡಿಸುವವರು ದಡವನ್ನು ಇಳಿಜಾರು ಮಾಡದೆ ನೆಟ್ಟಗೆ ಇಳಿಸಿ, ಒಂದು ಮೀಟರಿನಷ್ಟು ಆಳ ಇಡಿ. ಬಕಕ್ಕೆ ಕಾಲೂರಲು ಆಗುವುದಿಲ್ಲ. ಗಿಡ ಇಡಲು ಅಂತ ಅಂಚಿನಲ್ಲಿ ಮಾಡುವ ಮೆಟ್ಟಿಲೇ ಅದಕ್ಕೆ ನಿಲ್ಲುವ ಜಾಗ. ಒಂದು ಕಡೆ ಮಾತ್ರ ಒರಟು ಕಲ್ಲೋ ಹಲಗೆಯೋ ಓರೆಯಾಗಿ ಇಡಿ, ಕಪ್ಪೆಯೋ ಇಲಿಯೋ ಬಿದ್ದರೆ ಹತ್ತಿ ಬರಬೇಕಲ್ಲ. ಮಕ್ಕಳಿರುವ ಮನೆಯವರು ಈ ಬಲೆ ಮಗುವನ್ನು ತಡೆಯುತ್ತದೆ ಅಂತ ಎಣಿಸಲೇಬಾರದು. ತಡೆಯುವುದಿಲ್ಲ. ಮಕ್ಕಳಿಗೆ ಬೇರೆ ಬೇಲಿಯೇ ಬೇಕು.

ಇನ್ನು ಆ ಕಡಿಮೆಯಾದ ಒಂದು ಅಂಕ. ಗೂಟಗಳು ಸಾಲದು. ಅಂಚಿನುದ್ದಕ್ಕೂ ಬಿಗಿಯಾಗಿ ಕೂರಿಸಲು ಕೊಟ್ಟಿದ್ದಕ್ಕಿಂತ ಎರಡು ಪಾಲು ಬೇಕು, ಕೊಟ್ಟಷ್ಟನ್ನೇ ಹೊಡೆದರೆ ನಡುನಡುವೆ ಬಲೆ ಸಡಿಲಾಗಿ ಎದ್ದುಕೊಳ್ಳುತ್ತದೆ, ಹಾವು ಸಿಕ್ಕಿಕೊಳ್ಳುವುದು ಅಲ್ಲೇ. ಕ್ಲಿಪ್ಪುಗಳ ಪ್ಲಾಸ್ಟಿಕ್ ಬಿಸಿಲಿಗೆ ಬಲೆಗಿಂತ ಮುಂಚೆ ಬಿಳಿಚಿ ಮುರಿಯುತ್ತದೆ. ನಾನು ಮುರಿದ ಕಡೆಯೆಲ್ಲ ಕಪ್ಪು ಹಗ್ಗದಿಂದ ಹೊಲಿದಿದ್ದೇನೆ, ಅದೇ ಹೆಚ್ಚು ಗಟ್ಟಿಯಾಗಿದೆ. ಇನ್ನೊಂದು, ಆಹಾರ ಹಾಕಲು, ಪಂಪು ಎತ್ತಲು ಒಂದು ಬಾಗಿಲು ಇಟ್ಟಿಲ್ಲ. ಪ್ರತಿ ಸಲ ಒಂದು ಪಕ್ಕದ ಗೂಟ ಕಿತ್ತು ಮತ್ತೆ ಹೊಡೆಯಬೇಕು, ಅವಸರದಲ್ಲಿ ಹಾಗೇ ಬಿಟ್ಟರೆ ಬಕಕ್ಕೆ ಅಷ್ಟೇ ಸಾಕು. ಒಂದು ಮೂಲೆಯಲ್ಲಿ ಮಡಚುವ ಪಟ್ಟಿ ಕೊಟ್ಟು, ಗೂಟ ಎರಡು ಪಾಲು ಮಾಡಿದರೆ ಐದಕ್ಕೆ ಐದು ಕೊಡುತ್ತೇನೆ. ತಯಾರಿಸುವವರಿಗೆ ಇದನ್ನೇ ಬರೆದು ಕಳಿಸಿದ್ದೇನೆ. ಕೊಂಡವರು ನೀವೂ ಬರೆಯಿರಿ.