ಪುಟ್ಟ ಲೆನ್ಸ್ ಟೆಲಿಸ್ಕೋಪೋ, ದೊಡ್ಡ ಕನ್ನಡಿ ಟೆಲಿಸ್ಕೋಪೋ? ಎರಡನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈಗ ನನ್ನ ಹತ್ತಿರ ಉಳಿದಿರುವುದು ಪುಟ್ಟದೇ. 80 ಮಿ.ಮೀ. ಅಗಲದ ಲೆನ್ಸ್, 400 ಮಿ.ಮೀ. ಫೋಕಲ್ ಲೆಂತ್ (ಲೆನ್ಸಿನಿಂದ ಬಿಂಬ ಮೂಡುವ ಜಾಗದವರೆಗಿನ ದೂರ). ಅದಕ್ಕೂ ಮುಂಚೆ 130 ಮಿ.ಮೀ. ಕನ್ನಡಿಯದನ್ನು ಕೊಂಡಿದ್ದೆ. ಎರಡು ವರ್ಷ ಇಟ್ಟುಕೊಂಡು ಮಾರಿದೆ.

ದೊಡ್ಡದನ್ನು ಕೊಳ್ಳುವಾಗ ಹಾಕಿದ ಲೆಕ್ಕ ತಪ್ಪಾಗಿರಲಿಲ್ಲ. ಅಗಲ ಹೆಚ್ಚಿದಷ್ಟೂ ಬೆಳಕು ಜಾಸ್ತಿ. 130ರ ಕನ್ನಡಿ 80ರ ಲೆನ್ಸಿಗಿಂತ ಸುಮಾರು ಎರಡೂವರೆ ಪಟ್ಟು ಬೆಳಕು ಹಿಡಿಯುತ್ತದೆ. ಶನಿಯ ಉಂಗುರದ ನಡುವಿನ ಕಪ್ಪು ಗೆರೆಯನ್ನು ನಾನು ಮೊದಲು ನೋಡಿದ್ದು ಅದರಲ್ಲೇ. ಕಾಟ ಕೊಟ್ಟಿದ್ದು ಕನ್ನಡಿಯಲ್ಲ, ಅದರ ಸ್ಟ್ಯಾಂಡು.

ಜೊತೆಗೆ ಬಂದಿದ್ದು ಈಕ್ವಟೋರಿಯಲ್ ಮೌಂಟ್. ಭೂಮಿ ತಿರುಗಿದ ಹಾಗೆ ನಕ್ಷತ್ರಗಳು ಸರಿಯುತ್ತವಲ್ಲ, ಒಂದೇ ತಿರುಪು ತಿರುಗಿಸುತ್ತಾ ಅವುಗಳ ಹಿಂದೆಯೇ ಹೋಗುವುದಕ್ಕೆ ಇದು. ಅದರ ಅಕ್ಷ ಧ್ರುವ ನಕ್ಷತ್ರದ ಕಡೆಗೇ ಇರಬೇಕು. ಲಂಡನ್ನಿನಲ್ಲಿ ಧ್ರುವ 51 ಡಿಗ್ರಿ ಎತ್ತರದಲ್ಲಿರುತ್ತದೆ. ಬೆಂಗಳೂರಿನಲ್ಲಿ 13 ಡಿಗ್ರಿ ಅಷ್ಟೇ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿಗಿಂತ ಚೂರು ಮೇಲೆ. ನಮ್ಮ ತಾರಸಿಯಿಂದ ಆ ಎತ್ತರದಲ್ಲಿ ಕಾಣುವುದು ಪಕ್ಕದ ಮನೆಯ ನೀರಿನ ಟ್ಯಾಂಕು. ಹಾಗಾಗಿ ಫೋನಿನ ದಿಕ್ಸೂಚಿ ನೋಡಿ ಅಂದಾಜಿನಲ್ಲಿ ಇಡುತ್ತಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. 13 ಡಿಗ್ರಿಗೆ ಇಳಿಸಿದರೆ ಅಕ್ಷ ಹೆಚ್ಚುಕಮ್ಮಿ ಮಲಗಿಬಿಡುತ್ತದೆ. ಕೊಳವೆಯ ತೂಕಕ್ಕೆ ಸಮ ಮಾಡಲು ಇನ್ನೊಂದು ಕಡೆ ಕಬ್ಬಿಣದ ಗುಂಡು ಇರುತ್ತದೆ. ಪೂರ್ವದಲ್ಲಿ ಆಗಷ್ಟೇ ಹುಟ್ಟಿದ ಗುರುವಿನ ಕಡೆಗೋ, ಪಶ್ಚಿಮಕ್ಕೆ ಇಳಿದ ಶುಕ್ರನ ಕಡೆಗೋ ಕೊಳವೆ ತಿರುಗಿಸಿದರೆ ಆ ಗುಂಡು ನೇರ ಕೆಳಗಿಳಿದು ಟ್ರೈಪಾಡಿನ ಉತ್ತರದ ಕಾಲಿಗೆ ಠಣ್ ಅಂತ ಬಡಿಯುತ್ತಿತ್ತು. ಗ್ರಹ ಇನ್ನೇನು ಸಿಗಬೇಕು, ಕೊಳವೆ ಮುಂದೆ ಹೋಗುವುದೇ ಇಲ್ಲ.

ಉಪಾಯ ಒಂದಿದೆ. ಒಂದು ಕಾಲನ್ನು ದಕ್ಷಿಣಕ್ಕೆ ಹಾಕಿ, ಉತ್ತರಕ್ಕೆ ಎರಡು ಕಾಲುಗಳ ಸಂದು ಬರುವ ಹಾಗೆ ನಿಲ್ಲಿಸಬೇಕು. ಗುಂಡು ಆ ಸಂದಿನಲ್ಲಿ ಓಡಾಡುತ್ತದೆ. ಆದರೆ ಭಾರವೆಲ್ಲ ಆ ಕಡೆಗೇ ವಾಲುತ್ತದೆ. ಜೋರಾಗಿ ಗಾಳಿ ಬೀಸಿದಾಗಲೆಲ್ಲ ನಾನು ಒಂದು ಕೈ ಟ್ರೈಪಾಡಿನ ಮೇಲೇ ಇಟ್ಟಿರುತ್ತಿದ್ದೆ. ಇಷ್ಟೆಲ್ಲ ಜೋಡಿಸಲು ಅರ್ಧ ಗಂಟೆ. ಮಳೆಗಾಲದ ಸಂಜೆ ಮೋಡ ಸರಿದು ಆಕಾಶ ಕಾಣುವುದು ಕೆಲವೊಮ್ಮೆ ಇಪ್ಪತ್ತೇ ನಿಮಿಷ, ಅಲ್ವಾ?

ಒಮ್ಮೆ ತಮ್ಮನ ಕಾರಿನಲ್ಲಿ ಅದನ್ನು ಹಿರಿಯೂರು ಹತ್ತಿರದ ನಮ್ಮೂರಿಗೆ ಒಯ್ದೆ. ದಾರಿಯ ಕುಲುಕಾಟಕ್ಕೆ ಕನ್ನಡಿ ಅಲುಗಿ, ನಕ್ಷತ್ರಗಳಿಗೆಲ್ಲ ಬಾಲ ಬಂದಿತ್ತು. ತಿರುಪು ಹಿಡಿದು ಸರಿ ಮಾಡುವಷ್ಟರಲ್ಲಿ ಅಜ್ಜಿ ಮಲಗಿದ್ದರು.

ಪುಟ್ಟದನ್ನು ಟವೆಲ್‌ನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ ಬಸ್ಸು ಹತ್ತುತ್ತೇನೆ. ಅಂಗಳದಲ್ಲಿ ಟ್ರೈಪಾಡ್ ಬಿಡಿಸಿ, ಕೂರಿಸಿ, ನೋಡುವುದಕ್ಕೆ ಮೂರು ನಿಮಿಷ. 25 ಮಿ.ಮೀ. ಐಪೀಸ್ (ಕಣ್ಣಿಡುವ ಕಡೆಯ ಪುಟ್ಟ ಲೆನ್ಸು) ಹಾಕಿದರೆ 16 ಪಟ್ಟು, ಮೂರು ಡಿಗ್ರಿ ಆಕಾಶ. ಹುಣ್ಣಿಮೆ ಚಂದ್ರನನ್ನು ಆರು ಸಲ ಸಾಲಾಗಿ ಇಟ್ಟಷ್ಟು ಅಗಲ. ಕೃತ್ತಿಕೆ ಇಡೀ ಗೊಂಚಲು ಅದರೊಳಗೆ ಬರುತ್ತದೆ, ಸುತ್ತ ಕಪ್ಪು ಜಾಗವೂ ಉಳಿಯುತ್ತದೆ. 900 ಮಿ.ಮೀ. ಫೋಕಲ್ ಲೆಂತ್ ಇದ್ದ ನನ್ನ ಹಳೆಯದರಲ್ಲಿ ಅದೇ ಐಪೀಸಿಗೆ ಕೃತ್ತಿಕೆಯ ಅಂಚುಗಳು ಹೊರಗೇ ಉಳಿಯುತ್ತಿದ್ದವು. ಸಂಕ್ರಾಂತಿಗೆ ಹೋದಾಗ ಅಜ್ಜಿಗೆ ತೋರಿಸಿದೆ. ಒಂದು ಕಣ್ಣು ಮುಚ್ಚಿ ತುಂಬಾ ಹೊತ್ತು ನೋಡಿದರು. "ಆರೇ ಅಂತಿದ್ರು, ಇಲ್ಲಿ ನೋಡಿದ್ರೆ ರಾಶಿ ಅವೆ ಕಣಪ್ಪ" ಅಂದರು. ಏಪ್ರಿಲ್ ರಾತ್ರಿ ಅದೇ ಅಂಗಳದಿಂದ ದಕ್ಷಿಣಕ್ಕೆ ತಿರುಗಿಸಿದರೆ ಒಮೇಗಾ ಸೆಂಟಾರಿ ಅನ್ನುವ ನಕ್ಷತ್ರಗಳ ಗೊಂಚಲು ಹತ್ತಿಯ ಉಂಡೆಯ ಹಾಗೆ ಕಾಣುತ್ತದೆ. ಲಂಡನ್ನಿನವರಿಗೆ ಅದು ದಿಗಂತದಿಂದ ಮೇಲೆ ಬರುವುದೇ ಇಲ್ಲ.

ಕೊರತೆಗಳಿವೆ. ಚಂದ್ರ, ಗುರು, ಶುಕ್ರನ ಅಂಚಿಗೆ ನೇರಳೆ ಬಣ್ಣ ಬರುತ್ತದೆ. 6 ಮಿ.ಮೀ. ಐಪೀಸಿನಲ್ಲಿ ಶನಿಯ ಉಂಗುರ ಕಾಣುತ್ತದೆ, ಆದರೆ ಆ ಕಪ್ಪು ಗೆರೆ ನನಗೆ ಕಂಡಿಲ್ಲ. ಅಗ್ಗದ ಟ್ರೈಪಾಡ್ ಮುಟ್ಟಿದರೆ ನಡುಗುತ್ತದೆ. ಕೆಳಗೆ ನೀರು ತುಂಬಿದ ಬಾಟಲಿ ನೇತುಹಾಕಿದರೆ ಎಷ್ಟೋ ವಾಸಿ.

10x50 (ಹತ್ತು ಪಟ್ಟು, 50 ಮಿ.ಮೀ. ಲೆನ್ಸು) ಬೈನಾಕ್ಯುಲರ್ ಕೂಡ ಇದೆ. ಕೃತ್ತಿಕೆಗೆ ಅದು ಸಾಕು, ಶನಿಯ ಉಂಗುರಕ್ಕೆ ಸಾಲದು.

ಗ್ರಹಗಳ ಮೇಲೇ ಆಸೆ, ಸ್ವಂತ ತಾರಸಿ ಇದೆ ಅನ್ನುವವರು 130ರದ್ದನ್ನೇ ತಗೊಳ್ಳಿ. ಆದರೆ ಡಾಬ್ಸೋನಿಯನ್ ಅನ್ನುವ ಮರದ ಪೀಠದ ಮೇಲಿರುವುದನ್ನು ತಗೊಳ್ಳಿ, ಅದಕ್ಕೆ ಧ್ರುವ ನಕ್ಷತ್ರವೂ ಬೇಡ, ಗುಂಡೂ ಬೇಡ. ನನ್ನದು ಬಾಡಿಗೆ ಮನೆ, ತಿಂಗಳಿಗೊಮ್ಮೆ ಊರು. ಹಳೆಯದನ್ನು ಮಾರಿದ ದುಡ್ಡಿನಲ್ಲಿ ಪುಟ್ಟದು ಬಂತು. ಗಟ್ಟಿ ಟ್ರೈಪಾಡಿಗೆ ಈಗ ಕೂಡಿಡುತ್ತಿದ್ದೇನೆ.